ಕಬ್ಬನ್ ಪಾರ್ಕ್ ಸುತ್ತ ಕಾರ್ ರೇಸ್: ಸಹಿ ಹಾಕುವ ಮೊದಲು ನಮ್ಮನ್ನು ಕೇಳಿ

ಬೆಂಗಳೂರು ಅಭಿವೃದ್ಧಿ ಸಚಿವರಿಗೆ,
ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,
ನಗರ ಪೊಲೀಸ್ ಆಯುಕ್ತರಿಗೆ,
ಬೆಂಗಳೂರಿಗೂ ಒಂದು ಸ್ಟ್ರೀಟ್ ರೇಸ್ (ಊರಿನ ರಸ್ತೆಗಳನ್ನೇ ಮುಚ್ಚಿ ನಡೆಸುವ ಕಾರ್ ರೇಸ್) ಬರಲಿ ಎಂದು ಆಸೆಪಡುತ್ತಿರುವ ಎಲ್ಲ ಗೆಳೆಯರಿಗೂ,

ನಮಸ್ಕಾರ.

ಹೈದರಾಬಾದಿನಲ್ಲಿ ಆಯಿತು, ಚೆನ್ನೈನಲ್ಲಿ ಆಯಿತು, ನಮ್ಮೂರಲ್ಲಿ ಯಾವಾಗ? ರೇಸ್ ಹುಚ್ಚಿರುವ ಹುಡುಗರು ಕೇಳುತ್ತಲೇ ಇದ್ದಾರೆ. ಇಂಡಿಯನ್ ರೇಸಿಂಗ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡ ಇದೆ, ಅದರ ಹಿಂದೆ ಕಿಚ್ಚ ಸುದೀಪ್ ಇದ್ದಾರೆ. ತಂಡ ಇದ್ದ ಮೇಲೆ ತವರಲ್ಲೊಂದು ರೇಸ್ ಬೇಕು ಅನ್ನಿಸೋದು ಸಹಜ. ವಿಧಾನಸೌಧದ ಮುಂದೆ ರಾತ್ರಿ ಬೆಳಕಿನಲ್ಲಿ ಕಾರುಗಳು ನುಗ್ಗುವ ಚಿತ್ರ ಯಾರ ಕಣ್ಣಿಗಾದರೂ ಚೆನ್ನಾಗಿರುತ್ತದೆ. ಸರ್ಕಾರಕ್ಕೂ ಚೆನ್ನಾಗಿ ಕಾಣುವ ದಿನ ಬಂದೀತು.

ನಾನು ಸಂಪಂಗಿರಾಮನಗರದವನು. ಕಂಠೀರವ ಕ್ರೀಡಾಂಗಣದ ಬೆನ್ನಿಗಿರುವ ಬಡಾವಣೆ. ಇಂಥ ರೇಸ್ ಎಲ್ಲಿ ನಡೆಸಿದರೂ ಸುದ್ದಿಗೆ ಬರುವುದು ರಸ್ತೆ, ಗೆದ್ದವರು, ಬಂದ ಗಣ್ಯರು. ಆ ರಸ್ತೆಯ ಪಕ್ಕದಲ್ಲೇ ಬದುಕುವವರ ಮಾತು ಕೇಳುವ ಹೊತ್ತಿಗೆ ರಸ್ತೆ ಬದಿಗೆ ಕಾಂಕ್ರೀಟ್ ಗೋಡೆ ಬಂದಿರುತ್ತದೆ, ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ. ಅದಕ್ಕೇ ಕಡತ ಶುರುವಾಗುವ ಮೊದಲೇ ಈ ಪತ್ರ ಬರೆಯುತ್ತಿದ್ದೇನೆ. ನಗರದ ನಡುಭಾಗದಲ್ಲಿ ರೇಸ್ ನಡೆಸುವ ಯೋಚನೆ ಯಾರಿಗಾದರೂ ಬಂದರೆ, ಮೊದಲು ಇಲ್ಲಿ ಬಾಳುವ, ದುಡಿಯುವ ಜನರನ್ನು ಕೂರಿಸಿ ಕೇಳಿ. ನಾವು ಬೇಡ ಎಂದರೆ ಅದಕ್ಕೆ ಬೆಲೆ ಕೊಡಿ.

ರೇಸ್ ಬಗ್ಗೆ ನನಗೆ ದ್ವೇಷವಿಲ್ಲ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 1ಕ್ಕೆ ಮೊದಲಿನ ಮೆಟ್ಟಿಲಾದ ಫಾರ್ಮುಲಾ 2ರ ಸ್ಪ್ರಿಂಟ್ (ಕಿರು) ರೇಸ್ ಗೆದ್ದಾಗ ನಮ್ಮ ಬೀದಿಯ ಹುಡುಗರ ಜೊತೆ ನಾನೂ ಕುಣಿದಿದ್ದೇನೆ. ಡಾಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೂಡ ಈ ಊರಿನವರೇ. ನಮ್ಮ ರಾಜ್ಯದ್ದೇ ಆದ ಕೆ-1000 ರ‍್ಯಾಲಿಯ ಹೆಸರು ಕೇಳಿಕೊಂಡೇ ಬೆಳೆದ ತಲೆಮಾರು ನಮ್ಮದು. ಈ ಕ್ರೀಡೆಗೆ ಕರ್ನಾಟಕದಲ್ಲಿ ಜಾಗ ಬೇಕು, ಒಳ್ಳೆಯ ಜಾಗವೇ ಬೇಕು. ಅದು ಕಸ್ತೂರಬಾ ರಸ್ತೆಯಲ್ಲ ಅನ್ನುವುದಷ್ಟೇ ನನ್ನ ವಾದ.

ಗೆಳೆಯರು ಗೂಗಲ್ ಮ್ಯಾಪ್ ಮೇಲೆ ಗೆರೆ ಎಳೆದು ತೋರಿಸುವ ಸುತ್ತು ಹೆಚ್ಚುಕಡಿಮೆ ಒಂದೇ. ಹಡ್ಸನ್ ವೃತ್ತದಿಂದ ಕಸ್ತೂರಬಾ ರಸ್ತೆ, ಅಲ್ಲಿಂದ ಕ್ವೀನ್ಸ್ ಪ್ರತಿಮೆ, ಚಿನ್ನಸ್ವಾಮಿ ಕ್ರೀಡಾಂಗಣದ ಪಕ್ಕ ಮಿನ್ಸ್ಕ್ ಚೌಕ, ಜಿಪಿಒ, ಅಂಬೇಡ್ಕರ್ ವೀದಿ, ವಿಧಾನಸೌಧ, ಕೆ.ಆರ್. ವೃತ್ತ, ನೃಪತುಂಗ ರಸ್ತೆ, ಮತ್ತೆ ಹಡ್ಸನ್ ವೃತ್ತ. ನಕ್ಷೆಯಲ್ಲಿ ನೋಡಿದರೆ ದೇವರೇ ರೇಸ್‌ಗೆಂದು ಮಾಡಿಟ್ಟ ಹಾಗಿದೆ. ಒಂದು ಸಲ ಕಾಲ್ನಡಿಗೆಯಲ್ಲಿ ಸುತ್ತಿ ಬನ್ನಿ. ನೃಪತುಂಗ ರಸ್ತೆಯಲ್ಲಿ 1886ರಿಂದ ಇರುವ ಸೇಂಟ್ ಮಾರ್ಥಾಸ್ ಆಸ್ಪತ್ರೆ ಸಿಗುತ್ತದೆ. ಅಂಬೇಡ್ಕರ್ ವೀದಿಯಲ್ಲಿ ಹೈಕೋರ್ಟ್ ಇದೆ. ಸುತ್ತಿನ ಒಳಗಡೆ ಕಬ್ಬನ್ ಪಾರ್ಕ್, ಕೇಂದ್ರ ಗ್ರಂಥಾಲಯ, ಬಾಲಭವನ, ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಿನ ಅಂಚಿನಲ್ಲೇ ಮೂರು ಮೆಟ್ರೊ ನಿಲ್ದಾಣ: ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ, ಕಬ್ಬನ್ ಪಾರ್ಕ್. ಹೊರಗಡೆ ಅಂಟಿಕೊಂಡ ಹಾಗೆ ಸಂಪಂಗಿರಾಮನಗರ, ವಸಂತನಗರ, ಶಿವಾಜಿನಗರ.

ಇದು ಕಾನೂನಿನ ಮಾತೂ ಹೌದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮೀರಬಾರದು. ಹೈದರಾಬಾದಿಗೆ ಬಂದ ಫಾರ್ಮುಲಾ ಇ ಕಾರುಗಳು ಬ್ಯಾಟರಿಯವು, ಸದ್ದು ಕಡಿಮೆ. ಚೆನ್ನೈನಲ್ಲಿ ಓಡಿದ ಫಾರ್ಮುಲಾ 4 ಕಾರುಗಳು ಪೆಟ್ರೋಲ್ ಎಂಜಿನ್‌ನವು. ಅವು ಸಾಲಾಗಿ ಗೇರ್ ಬದಲಿಸುತ್ತಾ ತಿರುವು ದಾಟುವಾಗಿನ ಸದ್ದು 40 ಡೆಸಿಬಲ್ಲಿನ ಮಿತಿಯನ್ನು ಎಷ್ಟೋ ಮೀರಿ ಹೋಗುತ್ತದೆ. ಆಪರೇಷನ್ ಆಗಿ ಮಲಗಿರುವವರ ಕಿಟಕಿಯಾಚೆ ಆ ಸದ್ದು ಇರಲಿ ಎಂದು ನಾವು ಯಾವ ಬಾಯಲ್ಲಿ ಹೇಳೋದು? ಚೆನ್ನೈನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಐಲ್ಯಾಂಡ್ ಗ್ರೌಂಡ್ಸ್ ಸುತ್ತಲೂ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ, ಮದ್ರಾಸ್ ಹೈಕೋರ್ಟಿಗೆ ಹೋದವರು ರೋಗಿಗಳ ವಿಚಾರವನ್ನು ಮುಂದಿಟ್ಟಿದ್ದರು.

ಸ್ಟ್ರೀಟ್ ರೇಸ್ ಅಂದರೆ ಶನಿವಾರ, ಭಾನುವಾರ ಎರಡು ದಿನದ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿದ್ದಿದ್ದರೆ ನಾವೂ ಹೊಂದಿಕೊಳ್ಳುತ್ತಿದ್ದೆವು. ರಸ್ತೆ ಟ್ರ್ಯಾಕ್ ಆಗಬೇಕಾದರೆ ಏನೇನು ಆಗಬೇಕು, ನೋಡಿ. ಟಾರು ಕಿತ್ತು ಹೊಸದು ಹಾಕಬೇಕು. ಹಂಪ್ ತೆಗೆಯಬೇಕು, ಡಿವೈಡರ್ ಒಡೆಯಬೇಕು. ಮ್ಯಾನ್‌ಹೋಲ್ ಮುಚ್ಚಳಗಳು ಅಲ್ಲಾಡದ ಹಾಗೆ ಬಿಗಿಯಬೇಕು. ಎರಡೂ ಬದಿಗೆ ಟನ್‌ಗಟ್ಟಲೆ ತೂಕದ ಕಾಂಕ್ರೀಟ್ ಬ್ಲಾಕುಗಳನ್ನು ಕ್ರೇನಿನಲ್ಲಿ ಇಳಿಸಿ ಜೋಡಿಸಬೇಕು. ಕಾರಿನ ಚೂರು ಜನರ ಮೇಲೆ ಹಾರದಿರಲು ಅವುಗಳ ಮೇಲೆ ಎತ್ತರದ ತಂತಿಬೇಲಿ ಕಟ್ಟಬೇಕು. ಗ್ಯಾಲರಿ, ಕಾರುಗಳನ್ನು ನಿಲ್ಲಿಸಿ ಸರಿಮಾಡುವ ಪಿಟ್, ಜನ ದಾಟಲು ಮೇಲ್ಸೇತುವೆ, ರಾತ್ರಿ ರೇಸ್ ಆದರೆ ದೀಪದ ಕಂಬ, ಜನರೇಟರ್. ಇಷ್ಟೆಲ್ಲ ಆದ ಮೇಲೆ ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ರೇಸ್ ಮುಗಿದ ಮೇಲೆ ಇದೆಲ್ಲವನ್ನೂ ಬಿಚ್ಚಬೇಕು. 1929ರಿಂದ ಇದೇ ಕೆಲಸ ಮಾಡಿ ಪಳಗಿರುವ ಮೊನಾಕೊಗೂ ಟ್ರ್ಯಾಕ್ ಕಟ್ಟಲು ಸುಮಾರು ಆರು ವಾರ ಹಿಡಿಯುತ್ತದೆ. ಕಸ್ತೂರಬಾ ರಸ್ತೆಯಲ್ಲಿ ಆರು ವಾರ ಒಂದೊಂದೇ ಲೇನ್ ಮುಚ್ಚುತ್ತಾ ಹೋದರೆ ಎಂ.ಜಿ. ರಸ್ತೆ, ರಿಚ್ಮಂಡ್ ವೃತ್ತ, ಕಾರ್ಪೊರೇಷನ್ ಎಲ್ಲಾ ಕಡೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. 2023ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಫಾರ್ಮುಲಾ 1 ರಸ್ತೆ ರೇಸ್ ಇತ್ತು. ಹಣಕ್ಕೆ ಬರವಿಲ್ಲದ ಊರು. ಮೊದಲ ಅಭ್ಯಾಸ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ರಸ್ತೆಯಲ್ಲಿದ್ದ ನೀರಿನ ವಾಲ್ವಿನ ಮುಚ್ಚಳ ಎದ್ದು ಕಾರ್ಲೋಸ್ ಸೈನ್ಜ್ ಅವರ ಫೆರಾರಿಯ ತಳ ಸೀಳಿತು. ಅಭ್ಯಾಸ ರದ್ದಾಯಿತು. ಮುಚ್ಚಳಗಳನ್ನೆಲ್ಲ ಸರಿಮಾಡಿ ಎರಡನೇ ಅಭ್ಯಾಸ ಮುಗಿಯುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು ಗಂಟೆ. ಟಿಕೆಟ್ ಕೊಂಡ ಜನರನ್ನು ಅದಕ್ಕೂ ಮುಂಚೆಯೇ ಹೊರಗೆ ಕಳಿಸಿದ್ದರು. ಟ್ರ್ಯಾಕಿನಾಚೆ ಸಿಕ್ಕಿಕೊಂಡ ಕೆಲವು ಅಂಗಡಿ, ಹೋಟೆಲಿನವರು ವ್ಯಾಪಾರ ಕೆಟ್ಟಿತು ಎಂದು ಕೋರ್ಟ್ ಮೆಟ್ಟಿಲೇರಿದರು. ಅಮೆರಿಕದ್ದೇ ಇನ್ನೊಂದು ಊರು ಬಾಲ್ಟಿಮೋರ್. ಅಲ್ಲಿ 2011ರಲ್ಲಿ ನಗರದ ನಡುವೆ ರೇಸ್ ಶುರುಮಾಡಿದರು. ಮರ ಕಡಿಯುವುದನ್ನು ತಡೆಯಲು ನಿವಾಸಿಗಳು ಕೋರ್ಟಿಗೆ ಹೋದರು. ಮೊದಲ ವರ್ಷವೇ ಆಯೋಜಕರು ಸಾಲದಲ್ಲಿ ಮುಳುಗಿದರು, 2013ಕ್ಕೆ ರೇಸೇ ನಿಂತುಹೋಯಿತು.

ದೂರದ ಮಾತು ಬಿಡಿ, ಪಕ್ಕದ ಹೈದರಾಬಾದ್ ನೋಡಿ. 2022ರ ನವೆಂಬರ್‌ನಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಇಂಡಿಯನ್ ರೇಸಿಂಗ್ ಲೀಗ್‌ನ ಮೊದಲ ಸುತ್ತು ಇಟ್ಟರು. ಅಪಘಾತ, ವಿಳಂಬ ಅಂತ ಅದು ಅರ್ಧಕ್ಕೇ ನಿಂತಿತು. ಮತ್ತೆ ಡಿಸೆಂಬರ್‌ನಲ್ಲಿ ಇಟ್ಟಾಗ ಊರಿನ ಜನರ ಕಾರು, ಬೈಕುಗಳು ಟ್ರ್ಯಾಕ್ ಒಳಗೇ ಬಂದುಬಿಟ್ಟವು. ದಿನಾ ಓಡಾಡುವ ರಸ್ತೆ, ಒಂದು ಕಡೆ ತೆರೆದಿದೆ ಅನ್ನಿಸಿದರೆ ಜನ ಬಂದೇ ಬರುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. 2023ರ ಫೆಬ್ರುವರಿ 11ರಂದು 2.8 ಕಿಲೋಮೀಟರ್ ಟ್ರ್ಯಾಕಿನಲ್ಲಿ ಫಾರ್ಮುಲಾ ಇ ರೇಸ್ ನಡೆಯಿತು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ರೇಸ್ ಚೆನ್ನಾಗಿಯೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಎನ್‌ಟಿಆರ್ ಮಾರ್ಗ, ನೆಕ್ಲೆಸ್ ರಸ್ತೆ ಮುಚ್ಚಿದ ದಿನಗಳಲ್ಲಿ ಖೈರತಾಬಾದ್, ಟ್ಯಾಂಕ್ ಬಂಡ್ ಕಡೆ ಜನ ಪಟ್ಟ ಪಾಡೂ ಅಷ್ಟೇ ನಿಜ. ಮುಂದಿನ ವರ್ಷದ ರೇಸ್ ಸರ್ಕಾರ ಬದಲಾದ ಮೇಲೆ ರದ್ದಾಯಿತು. ಅದಕ್ಕೆಂದು ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಸುಮಾರು 55 ಕೋಟಿ ರೂಪಾಯಿ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕೇಸು ದಾಖಲಿಸಿತು. ತಪ್ಪು ಯಾರದ್ದು ಅಂತ ಕೋರ್ಟ್ ತೀರ್ಮಾನಿಸಲಿ. ನನಗೆ ಕಾಣುವುದು ಇಷ್ಟು: ಒಂದೇ ಒಂದು ಫಾರ್ಮುಲಾ ಇ ರೇಸ್ ನಡೆಯಿತು, ಜಗಳ ವರ್ಷಗಟ್ಟಲೆ ಉಳಿಯಿತು.

ಚೆನ್ನೈನ ಕಥೆ ಇನ್ನೂ ಹತ್ತಿರದ್ದು. 2023ರ ಡಿಸೆಂಬರ್ 9 ಮತ್ತು 10ಕ್ಕೆ ರೇಸ್ ಗೊತ್ತಾಗಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಮಿಚಾಂಗ್ ಚಂಡಮಾರುತ ಬಂದು ಊರು ನೀರಲ್ಲಿ ನಿಂತಿತು, ರೇಸ್ ಮುಂದಕ್ಕೆ ಹೋಯಿತು. ಕೊನೆಗೆ 2024ರ ಆಗಸ್ಟ್ 31ಕ್ಕೆ ಇಟ್ಟರು. ಅಂದು ಮಧ್ಯಾಹ್ನವಾದರೂ ಎಫ್‌ಐಎ ಪ್ರಮಾಣಪತ್ರ ಬಂದಿರಲಿಲ್ಲ. ಹೈಕೋರ್ಟ್ ರಾತ್ರಿ ಎಂಟರವರೆಗೆ ಕಾಲಾವಕಾಶ ಕೊಟ್ಟಿತು, ಆಮೇಲಷ್ಟೇ ಕಾರುಗಳು ಇಳಿದವು. ಸರ್ಕಾರ ಹಾಕಿದ 42 ಕೋಟಿ ರೂಪಾಯಿಯನ್ನು ಯಾರು ಭರಿಸಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಷ್ಟಕ್ಕೂ ಚೆನ್ನೈಗೆ ಐಲ್ಯಾಂಡ್ ಗ್ರೌಂಡ್ಸ್ ಎಂಬ ದೊಡ್ಡ ಬಯಲಿತ್ತು, ಹೈದರಾಬಾದಿಗೆ ಕೆರೆಯ ದಂಡೆಯಿತ್ತು. ನಮ್ಮ ನಡು ಊರಿನಲ್ಲಿ ಅಂಥ ಬಯಲು ಎಲ್ಲಿದೆ? ಇರುವುದು ಪಾರ್ಕ್. ಅದರ ಮೇಲೆ ಕಣ್ಣು ಬೀಳುತ್ತದೆ ಅನ್ನುವುದೇ ನನ್ನ ದೊಡ್ಡ ಭಯ.

ಗ್ಯಾಲರಿ ಎಲ್ಲಿ ಕಟ್ಟುತ್ತೀರಿ? ಕಸ್ತೂರಬಾ ರಸ್ತೆಯ ಫುಟ್‌ಪಾತ್ ಮೇಲೆ ಆಗದು, ಹಾಗಾಗಿ ಬೇಲಿ ದಾಟಿ ಪಾರ್ಕಿನೊಳಗೆ. ಕ್ಯಾಮೆರಾಗೆ, ದೀಪಕ್ಕೆ, ತಂತಿಬೇಲಿಗೆ ಅಡ್ಡವಾಗುವ ಕೊಂಬೆ ಕಡಿಯಬೇಕು ಅನ್ನುತ್ತಾರೆ. ಆ ರಸ್ತೆಯಲ್ಲಿ ನಡೆದವರಿಗೆ ಅಲ್ಲಿನ ಮಳೆಮರಗಳು ಗೊತ್ತು. ಎರಡೂ ಕಡೆಯ ಕೊಂಬೆಗಳು ರಸ್ತೆಯ ಮೇಲೆ ಕೈ ಕೈ ಹಿಡಿದುಕೊಂಡಿವೆ. ಒಂದು ಕೊಂಬೆ ಬೆಳೆಯೋಕೆ ನಮ್ಮ ಅಜ್ಜನ ಕಾಲದಿಂದ ಬೇಕಾಯಿತು. ಕಬ್ಬನ್ ಪಾರ್ಕ್ 1870ರದ್ದು, 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಭಾನುವಾರ ಅದರೊಳಗೆ ವಾಹನ ಬಿಡದಿರುವುದು ಈ ಊರಿನ ಜನ ಹೋರಾಡಿ ಪಡೆದುಕೊಂಡ ಸಂತೋಷ. ಆ ಭಾನುವಾರಗಳನ್ನು ರೇಸಿಗೆ ಕೊಡಲು ನಾನು ತಯಾರಿಲ್ಲ.

ಇನ್ನು ಜನಸಂದಣಿ. 2025ರ ಜೂನ್ 4ನ್ನು ಯಾರೂ ಮರೆತಿಲ್ಲ. ಚಿನ್ನಸ್ವಾಮಿ ಗೇಟುಗಳ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತರು. ಕಪ್ ಗೆದ್ದ ತಂಡವನ್ನು ನೋಡಲು ಬಂದ ಮಕ್ಕಳು ಅವರಲ್ಲಿದ್ದರು. ಅವತ್ತು ವಿಧಾನಸೌಧದ ಮುಂದೆ ಸನ್ಮಾನ, ಅಲ್ಲಿಂದ ಕ್ರೀಡಾಂಗಣ. ನಾನು ಮೇಲೆ ಹೇಳಿದ ಸುತ್ತು ಆ ಎರಡೂ ಜಾಗಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೊ ನಿಲ್ಲಿಸುವುದನ್ನೇ ಬಿಡಬೇಕಾಯಿತು. ತನಿಖೆ ಮಾಡಿದ ನ್ಯಾಯಮೂರ್ತಿ ಮೈಕಲ್ ಕುನ್ಹಾ ಆಯೋಗ, ಆ ಕ್ರೀಡಾಂಗಣ ಭಾರೀ ಜನ ಸೇರುವ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದು ಹೇಳಿತು. ಗೇಟು ತೆರೆಯುವುದು ನೇರ ಫುಟ್‌ಪಾತಿಗೆ, ಜನ ಸಾಲು ನಿಲ್ಲುವುದಕ್ಕೂ ಜಾಗ ಇಲ್ಲ ಅನ್ನುವುದು ಅದರ ಆತಂಕವಾಗಿತ್ತು. ಆ ಫುಟ್‌ಪಾತ್ ಪಕ್ಕಕ್ಕೇ ಕಾಂಕ್ರೀಟ್ ಗೋಡೆ ನಿಲ್ಲಿಸಿದರೆ ತಪ್ಪಿಸಿಕೊಳ್ಳುವ ದಾರಿ ಎಲ್ಲಿ ಉಳಿಯುತ್ತದೆ? ಆಂಬುಲೆನ್ಸ್ ಎಲ್ಲಿಂದ ಬರಬೇಕು? ಅವತ್ತು ಗಾಯಾಳುಗಳನ್ನು ಹೊತ್ತೊಯ್ದ ಬೌರಿಂಗ್ ಆಸ್ಪತ್ರೆಗೆ ದಾರಿ ಯಾವುದು? ಇದಕ್ಕೆ ಉತ್ತರ ಇಲ್ಲದೆ ಯಾರೂ ಕಡತ ಮುಂದಕ್ಕೆ ಕಳಿಸಬಾರದು. ದಯವಿಟ್ಟು.

ನಮ್ಮ ಬೀದಿಯ ವಿಷಯ ಸ್ವಲ್ಪ ಹೇಳುತ್ತೇನೆ. ಕಂಠೀರವದಲ್ಲಿ ದೊಡ್ಡ ಪಂದ್ಯ ಇದ್ದ ದಿನ ಸಂಜೆ ನಾಲ್ಕಕ್ಕೇ ನಮ್ಮ ಅಡ್ಡರಸ್ತೆಗೆ ಬೈಕುಗಳು ಬಂದು ತುಂಬುತ್ತವೆ. ಎದುರುಮನೆಯ ಅಜ್ಜಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅಂಥ ದಿನ ಆಟೊ ಮನೆ ಮುಂದೆ ಬರಲಾಗದೆ ತಿರುವಿನಲ್ಲೇ ನಿಲ್ಲುತ್ತದೆ. ಮಗ ಒಂದು ಕೈ, ಪಕ್ಕದ ಮನೆಯ ಹುಡುಗ ಒಂದು ಕೈ ಹಿಡಿದು ಬೈಕುಗಳ ಸಂದಿಯಲ್ಲಿ ಅಡ್ಡಡ್ಡ ನಡೆಸಿಕೊಂಡು ಬರುತ್ತಾರೆ. ಅಜ್ಜಿ ಎರಡು ಸಲ ಯಾರದೋ ಬೈಕಿನ ಸೀಟಿಗೆ ಒರಗಿ ಉಸಿರು ತಗೋತಾರೆ. ಪಂದ್ಯ ಮುಗಿದರೆ ಬೈಕು ಹೋಗುತ್ತವೆ, ಹಾಗಾಗಿ ಯಾರೂ ಗೊಣಗುವುದಿಲ್ಲ. ಕಾಂಕ್ರೀಟ್ ಗೋಡೆ ಹಾಗೆ ಹೋಗಲ್ಲ, ಅಲ್ವಾ?

ಕಸ್ತೂರಬಾ ರಸ್ತೆಯಲ್ಲಿ ಎಳನೀರು ಮಾರುವವರು, ಬಾಲಭವನದ ಕಡೆ ಕಡ್ಲೇಕಾಯಿ, ಚುರುಮುರಿ ಇಟ್ಟುಕೊಂಡವರು, ಹೈಕೋರ್ಟಿನ ಸುತ್ತ ಜೆರಾಕ್ಸ್, ಕಾಫಿ ನಂಬಿಕೊಂಡವರು, ಇವರ ದಿನದ ದುಡಿಮೆ ಆ ಓಡಾಟದ ಮೇಲೇ ನಿಂತಿದೆ. ರಸ್ತೆ ಮುಚ್ಚಿದರೆ ಇವರಿಗೆ ಸಂಬಳ ಕೊಡುವವರು ಯಾರೂ ಇಲ್ಲ. ರೇಸ್‌ನಿಂದ ಹೋಟೆಲುಗಳಿಗೆ ವ್ಯಾಪಾರ ಆಗುತ್ತದೆ ಎನ್ನುತ್ತಾರೆ. ಆಗಬಹುದು, ದೊಡ್ಡ ಹೋಟೆಲುಗಳಿಗೆ. ಬೇಲಿಯೊಳಗೆ ಎಳನೀರಿನ ಸೈಕಲ್ಲಿಗೆ ಜಾಗ ಇರುವುದಿಲ್ಲ, ಅಲ್ಲಿ ಪ್ರಾಯೋಜಕರ ಮಳಿಗೆಗಳು ಇರುತ್ತವೆ.

"ಕರಗಕ್ಕೆ ರಸ್ತೆ ಮುಚ್ಚುತ್ತೀರಲ್ಲ, ಹತ್ತು ಕೆ ಓಟಕ್ಕೆ ಮುಚ್ಚುತ್ತೀರಲ್ಲ, ರೇಸ್‌ಗೆ ಯಾಕೆ ಬೇಡ?" ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಓಟ ಭಾನುವಾರ ಅರ್ಧ ದಿನದಲ್ಲಿ ಮುಗಿಯುತ್ತದೆ. ಕರಗ ನಮ್ಮದೇ ಸಂಪಂಗಿ ಕೆರೆಯ ನಂಟಿನ ಹಬ್ಬ. ಆ ಕೆರೆಯ ಬಹುಪಾಲು ಕಂಠೀರವದ ಅಡಿಗೆ ಹೋಯಿತು, ಉಳಿದ ಚೂರನ್ನು ಕರಗಕ್ಕೋಸ್ಕರ ಉಳಿಸಿಕೊಂಡಿದ್ದೇವೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಬೀದಿ ಬೀದಿ ಹಾದು ಹೋಗುತ್ತದೆ. ಬೀದಿಯವರೇ ರಂಗೋಲಿ ಹಾಕಿ, ಪಾನಕ ಮಾಡಿ, ಮಲ್ಲಿಗೆ ಹಿಡಿದು ನಿಂತಿರುತ್ತಾರೆ. ಟಿಕೆಟ್ ಇಲ್ಲ, ಬೇಲಿ ಇಲ್ಲ. ರೇಸಿನಲ್ಲಿ ಅದೇ ಬೀದಿಯವರು ತಮ್ಮ ರಸ್ತೆ ನೋಡಲು ದುಡ್ಡು ಕೊಡಬೇಕು, ಮನೆಗೆ ಹೋಗಲು ಪಾಸ್ ತೋರಿಸಬೇಕು.

ಇನ್ನೊಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಟ್ರಾಫಿಕ್‌ಗೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಈ ಊರಿನಲ್ಲಿ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತ ಮಾಡಿದ್ದೀರಿ. 2021ರ ಆದೇಶವೇ ಇದೆ. ಕಬ್ಬಿನ ಬೆಲೆ ಕೇಳಲು ಬಂದ ರೈತರು, ಗೌರವಧನ ಕೇಳಲು ಬಂದ ಅಂಗನವಾಡಿ ಕಾರ್ಯಕರ್ತೆಯರು ವಿಧಾನಸೌಧದ ಕಡೆ ಒಂದು ಗಂಟೆ ನಡೆಯುವ ಹಾಗಿಲ್ಲ. ಅದೇ ರಸ್ತೆಯನ್ನು ವಾರಗಟ್ಟಲೆ ಖಾಸಗಿ ಕಂಪನಿಯ ರೇಸಿಗೆ ಬಿಟ್ಟುಕೊಟ್ಟರೆ ಆ ಹೆಣ್ಣುಮಕ್ಕಳಿಗೆ ನಾವು ಯಾವ ಮುಖ ತೋರಿಸೋದು?

ಹಾಗಾದರೆ ರೇಸ್ ಪ್ರೀತಿಸುವ ಮಕ್ಕಳಿಗೆ ಏನು? ಅವರಿಗೆ ನಿಜವಾದ ಟ್ರ್ಯಾಕ್ ಬೇಕು. ಚೆನ್ನೈ ಹೊರಗೆ ಶ್ರೀಪೆರಂಬದೂರಿನ ಹತ್ತಿರ 1990ರಿಂದ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ, ಗ್ರೇಟರ್ ನೊಯ್ಡಾದಲ್ಲಿ ಫಾರ್ಮುಲಾ 1 ನಡೆದ ಬುದ್ಧ ಸರ್ಕ್ಯೂಟ್ ಇದೆ. ನಮ್ಮ ಹುಡುಗ ಹುಡುಗಿಯರು ಅಭ್ಯಾಸಕ್ಕೆಂದು ಟ್ರೇಲರ್ ಕಟ್ಟಿಕೊಂಡು ತಮಿಳುನಾಡಿಗೆ ಹೋಗುತ್ತಾರೆ. ಎರಡು ದಿನದ ರಸ್ತೆ ರೇಸಿಗೆ ಸುರಿಯುವ ಹಣ ವಾರ ಮುಗಿದ ಮೇಲೆ ಲಾರಿ ಹತ್ತಿ ಹೋಗುತ್ತದೆ. ಅದೇ ಹಣ ಒಂದು ಟ್ರ್ಯಾಕಿನ ಆರಂಭಕ್ಕೆ ಆಗಬಹುದು. ಊರ ಹೊರಗೆ ಸರ್ಕಾರಿ ಜಮೀನು ನೋಡಿ, ಅಲ್ಲಿಯ ರೈತರನ್ನೂ ಹಳ್ಳಿಯವರನ್ನೂ ಮೊದಲೇ ಕೇಳಿ ಮಾಡಿ. ವರ್ಷವಿಡೀ ಮಕ್ಕಳು ಓಡಿಸಲಿ. ರಾತ್ರಿ ಹೊತ್ತು ನೈಸ್ ರಸ್ತೆ, ಏರ್‌ಪೋರ್ಟ್ ರಸ್ತೆಯಲ್ಲಿ ಬೈಕ್ ಓಡಿಸಿ ಜೀವ ಕಳೆದುಕೊಳ್ಳುವ ಹುಡುಗರಿಗೂ ಹೋಗಲು ಒಂದು ಜಾಗ ಸಿಗಲಿ. ಅದಕ್ಕೆ ಸಹಿ ಸಂಗ್ರಹಿಸಬೇಕಾದರೆ ಮನೆ ಮನೆಗೆ ನಾನೇ ಬರುತ್ತೇನೆ.

ಇಷ್ಟಾದರೂ ನಗರದ ನಡುವೆಯೇ ಆಗಬೇಕು ಎಂಬ ಪ್ರಸ್ತಾವ ಬಂದರೆ, ಒಪ್ಪಂದದ ಕರಡನ್ನು ಸಹಿಗೆ ಮೊದಲೇ ಕನ್ನಡದಲ್ಲಿ ಜನರ ಮುಂದಿಡಿ. ಸರ್ಕಾರ ಎಷ್ಟು ಹಾಕುತ್ತದೆ, ಆಯೋಜಕರು ಎಷ್ಟು, ರೇಸ್ ರದ್ದಾದರೆ ನಷ್ಟ ಯಾರ ತಲೆಗೆ ಅನ್ನುವುದು ಅದರಲ್ಲಿ ಇರಲಿ. ಯಾವ ರಸ್ತೆ ಯಾವ ದಿನದಿಂದ ಯಾವ ದಿನದವರೆಗೆ ಮುಚ್ಚುತ್ತದೆ ಎಂಬ ಪಟ್ಟಿ ಇರಲಿ. ಆಂಬುಲೆನ್ಸ್, ಅಗ್ನಿಶಾಮಕದ ದಾರಿಯನ್ನು ಆಸ್ಪತ್ರೆಯವರ ಜೊತೆ ಕೂತು ಗುರುತಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದೇ ಒಂದು ಮರ ಕೂಡ ಪಟ್ಟಿಯಲ್ಲಿ ಬರಬಾರದು. ಬೀದಿ ವ್ಯಾಪಾರಿಗಳ ನಷ್ಟ ಎಷ್ಟು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ, ರಸ್ತೆ ಮುಚ್ಚುವ ಮೊದಲೇ ಆ ದುಡ್ಡು ಅವರ ಕೈ ಸೇರಲಿ.

ಸಂಪಂಗಿರಾಮನಗರ, ವಸಂತನಗರ, ಶಿವಾಜಿನಗರ ಮೂರೂ ಕಡೆ ಬೇರೆ ಬೇರೆ ಸಭೆ ಕರೆಯಿರಿ. ಹೋಟೆಲ್ ಹಾಲಿನಲ್ಲಿ ಬೇಡ, ಆಯಾ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಇಡಿ. ಕೆಲಸದ ದಿನ ಹನ್ನೊಂದು ಗಂಟೆಗೆ ಇಟ್ಟರೆ ಬರುವವರು ಯಾರೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಇಡಿ, ಹದಿನೈದು ದಿನ ಮುಂಚೆ ಕನ್ನಡ, ತಮಿಳು, ಉರ್ದುವಿನಲ್ಲಿ ಬೀದಿ ಬೀದಿಗೆ ನೋಟಿಸ್ ಹಚ್ಚಿ. ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಇರುವವರೇ ಬನ್ನಿ. ಎದುರುಮನೆಯ ಅಜ್ಜಿಯ ಮಗ ಬರುತ್ತಾನೆ, ಎಳನೀರಿನವರನ್ನು ನಾನು ಕರೆತರುತ್ತೇನೆ.

ಇಂತಿ,
ಸಂಪಂಗಿರಾಮನಗರದ ಒಬ್ಬ ನಿವಾಸಿ